ಹಲಗೆಮನೆಯ ಕಳ್ಳ

ಕಿಂಬ್ರೋ ಊರಿನಲ್ಲಿ ಓರಿನ್ ಟ್ಯಾಕೆಟ್‌ಗೆ ಗುಂಡು ಹೊಡೆಯದವರೇ ಕಡಿಮೆ. ಅಂಚೆ ಕಚೇರಿಯ ಹೆಂಗಸು ಹೊಡೆದಿದ್ದಳು. ಚರ್ಚಿನ ಪಾದ್ರಿ ಹೊಡೆದಿದ್ದ. ಹಲ್ಲಿನ ಡಾಕ್ಟರು ಮತ್ತು ಅವರ ಹೆಂಡತಿ ಒಂದೇ ದಿನ, ಒಬ್ಬರಾದ ಮೇಲೆ ಒಬ್ಬರು ಹೊಡೆದಿದ್ದರು. ಹೊಡೆದವರೆಲ್ಲ ಆಮೇಲೆ ಹತ್ತಿರ ಬಂದು, ನೋವಾಯಿತೇನಪ್ಪ ಎಂದು ವಿಚಾರಿಸಿ, ಕೈ ಕುಲುಕಿ ಹೋಗುತ್ತಿದ್ದರು. ಅದು ಓರಿನ್‌ನ ಉದ್ಯೋಗ. ಊರಾಚೆ ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಗ್ರೇಡಿ ಹೇನ್ಸ್ ನಡೆಸುತ್ತಿದ್ದ ಬಂದೂಕು ಶಾಲೆಯಲ್ಲಿ ಅವನು ಕಳ್ಳನಾಗಿದ್ದ.

ಗ್ರೇಡಿ ಶೆರಿಫ್ ಕಚೇರಿಯಲ್ಲಿ ಪೊಲೀಸಾಗಿದ್ದು ನಿವೃತ್ತನಾದವನು. ಪಿಸ್ತೂಲು ಕೊಂಡವರು ಅದನ್ನು ಹಿಡಿಯುವುದು ಹೇಗೆ, ಬೀಗ ಹಾಕಿ ಇಡುವುದು ಹೇಗೆ, ಮನೆಗೆ ಯಾರಾದರೂ ನುಗ್ಗಿದರೆ ಏನು ಮಾಡಬೇಕು ಎಂದು ಕಲಿಸುತ್ತಿದ್ದ. ಮೊದಲು ಕಾಗದದ ಗುರಿಗಳು, ಅದಾದ ಮೇಲೆ ಹಲಗೆಮನೆ. ಅದಕ್ಕೆ ಪ್ಲೈವುಡ್ಡಿನ ಗೋಡೆ, ಸೂರು ಇಲ್ಲ. ಮೇಲೆ ಅಡ್ಡಡ್ಡಕ್ಕೆ ಹಾಕಿದ ಹಲಗೆಗಳ ಮೇಲೆ ಗ್ರೇಡಿ ಓಡಾಡುತ್ತ ಕೆಳಗೆ ನಡೆಯುವುದನ್ನು ನೋಡುತ್ತಿದ್ದ. ಒಳಗೆ ಹಳೆಯ ಸೋಫಾ, ಕೆಟ್ಟುಹೋದ ಫ್ರಿಜ್ಜು, ಒಂದು ಮಂಚ. ನಿಜವಾದ ಬಂದೂಕಾಗಲಿ ಗುಂಡಾಗಲಿ ಆ ಬೇಲಿಯೊಳಗೆ ಬರುವಂತಿರಲಿಲ್ಲ. ಗೇಟಿನ ಹತ್ತಿರದ ಉಕ್ಕಿನ ಬೀರುವಿನಲ್ಲಿ ಎಲ್ಲವನ್ನೂ ಇಟ್ಟು, ಮೈ ಜೇಬು ತಡವಿಸಿಕೊಂಡು, ಮತ್ತೊಬ್ಬರ ಕೈಯಲ್ಲಿ ಇನ್ನೊಮ್ಮೆ ತಡವಿಸಿಕೊಂಡು ಹೋಗಬೇಕು. ಒಳಗೆ ಕೊಡುವ ನೀಲಿ ಪಿಸ್ತೂಲಿನಿಂದ ಹಾರುವುದು ಬಣ್ಣದ ಗುಳಿಗೆ. ತಗುಲಿದರೆ ಕಂದುಗಟ್ಟುತ್ತದೆ, ಅಷ್ಟೆ.

ಓರಿನ್ ಮೊದಲು ದನದ ಮೇವಿನ ಗಿರಣಿಯಲ್ಲಿದ್ದ. ಗಿರಣಿ ಮುಚ್ಚಿದ ವರ್ಷ ಅವನು ಅಂಗಡಿಯೊಂದರ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರುವುದನ್ನು ಗ್ರೇಡಿ ನೋಡಿದ. ಬಾಗಿಲು ತುಂಬುವ ಆಳು. ಗ್ರೇಡಿಗೆ ಬೇಕಾಗಿದ್ದದ್ದೂ ಅದೇ. ಹೆದರಿಸುವ ದೇಹ ಇದ್ದರೂ ಯಾರನ್ನೂ ಹೆದರಿಸಿ ಗೊತ್ತಿಲ್ಲದ ಮನುಷ್ಯ ಓರಿನ್. ಮಾತು ಕಡಿಮೆ. ಆದರೆ ದಪ್ಪನೆಯ ಜಾಕೀಟು ತೊಟ್ಟು, ಕತ್ತಿಗೆ ಪಟ್ಟಿ ಬಿಗಿದು, ಮುಖ ಮುಚ್ಚುವ ಹೆಲ್ಮೆಟ್ಟು ಹಾಕಿಕೊಂಡು ಹಲಗೆಮನೆಯೊಳಗೆ ಇಳಿದನೆಂದರೆ ಬೇರೆಯೇ ಆಗಿಬಿಡುತ್ತಿದ್ದ. ಒಮ್ಮೆ ಕೂಗಾಡುವ ಗಂಡ, ಒಮ್ಮೆ ಚಾಕು ಹಿಡಿದ ದರೋಡೆಗಾರ. ಸಂಜೆ ಅವನ ಹೆಂಡತಿ ಡಾರ್ಲಾ ಬೆನ್ನು ತೊಡೆಗಳಿಗೆ ಐಸಿನ ಚೀಲ ಇಡುತ್ತ, ಈ ಊರಿನವರಿಗೆಲ್ಲ ನಿನ್ನ ಮೇಲೆ ಎಷ್ಟು ವರ್ಷದ ಸಿಟ್ಟಿತ್ತೋ ಏನೋ ಎನ್ನುತ್ತಿದ್ದಳು.

ಗ್ರೇಡಿಯ ಪಾಠದಲ್ಲಿ ಅರ್ಧ ಭಾಗ ಹೊಡೆಯುವುದು, ಇನ್ನರ್ಧ ಹೊಡೆಯದೇ ಇರುವುದು. ಈ ಎರಡನೆಯದೇ ಕಷ್ಟ ಅಂತ ಅವನು ಹೇಳುತ್ತಿದ್ದ. ಹಾಗಾಗಿ ಓರಿನ್ ಎಷ್ಟೋ ಸಲ ಕಳ್ಳನೇ ಆಗಿರುತ್ತಿರಲಿಲ್ಲ. ಜೇಬಿಗೆ ಕೈ ಹಾಕಿ ಫೋನು ತೆಗೆಯುವ ಮನುಷ್ಯನಾಗಿರುತ್ತಿದ್ದ, ಮನೆ ತಪ್ಪಿ ಬಂದ ಪಕ್ಕದಮನೆಯವನಾಗಿರುತ್ತಿದ್ದ. ಅವನಿಗೆ ಇಷ್ಟವಾದ ಪಾತ್ರವೆಂದರೆ ಸಕ್ಕರೆ ಕಾಯಿಲೆಯವನದು. ಅದನ್ನು ಗ್ರೇಡಿಗೆ ಹೇಳಿಕೊಟ್ಟವನೂ ಅವನೇ, ಏಕೆಂದರೆ ಅದು ಅವನ ತಮ್ಮನ ಪಾತ್ರ.

ತಮ್ಮ ಲೈಲ್‌ಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಅಣ್ಣನಷ್ಟೇ ಎತ್ತರ, ಅಷ್ಟೇ ಅಗಲ. ಬೆನ್ನ ಹಿಂದಿನಿಂದ ನೋಡಿದರೆ ಡಾರ್ಲಾ ಕೂಡ ಒಮ್ಮೊಮ್ಮೆ ಅಣ್ಣನೆಂದೇ ಮೋಸಹೋಗುತ್ತಿದ್ದಳು. ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಇಳಿದುಬಿಟ್ಟರೆ ಲೈಲ್ ಕುಡಿದವನ ಹಾಗೆ ತೂರಾಡುತ್ತಿದ್ದ. ಕಣ್ಣು ಗಾಜಿನ ಹಾಗಾಗುತ್ತಿತ್ತು. ಕೂಗಿದರೆ ಕೇಳಿಸುತ್ತಿರಲಿಲ್ಲ, ಕೇಳಿಸಿದರೂ ಅದು ತನಗೆ ಹೇಳಿದ್ದು ಅಂತ ತಿಳಿಯುತ್ತಿರಲಿಲ್ಲ. ಕರು ಹಸುವಿನ ಹತ್ತಿರ ಹೋಗುವ ಹಾಗೆ ಸೀದಾ ಫ್ರಿಜ್ಜಿನ ಹತ್ತಿರ ಹೋಗುತ್ತಿದ್ದ. ಅವನ ಬಾಯಿಗೆ ಕಿತ್ತಳೆ ರಸ ಸುರಿಯುತ್ತಲೇ ಓರಿನ್ ದೊಡ್ಡವನಾಗಿದ್ದ. ಹಲಗೆಮನೆಯಲ್ಲಿ ಆ ನಡಿಗೆಯನ್ನೇ ನಡೆಯುತ್ತಿದ್ದ. ಕಲಿಯಲು ಬಂದವರು ನಿಲ್ಲು ಎಂದು ಕೂಗುತ್ತಿದ್ದರು, ಅವನು ನಿಲ್ಲುತ್ತಿರಲಿಲ್ಲ, ಹತ್ತರಲ್ಲಿ ಏಳೆಂಟು ಮಂದಿ ಹೊಡೆದುಬಿಡುತ್ತಿದ್ದರು. ಗ್ರೇಡಿ ಏಣಿ ಇಳಿದು ಬಂದು ಮೆಲ್ಲಗೆ, ಈಗ ನೀವು ಒಬ್ಬ ರೋಗಿಯನ್ನು ಕೊಂದಿರಿ ಎನ್ನುತ್ತಿದ್ದ. ಕೆಲವರು ಅತ್ತರು. ಕೆಲವರು ಇದು ಮೋಸ ಎಂದು ಜಗಳಕ್ಕೆ ನಿಂತರು.

ಲೈಲ್‌ಗೆ ಇದು ಗೊತ್ತಾದಾಗ ಸಿಟ್ಟು ಬರಲಿಲ್ಲ, ಖುಷಿಯಾಯಿತು. ಭಾನುವಾರದ ಊಟಕ್ಕೆ ಬಂದಾಗೆಲ್ಲ ಅದೇ ಮಾತು.

"ನನ್ನ ಕಾಯಿಲೇನ ಮಾರ್ಕೊಂಡು ತಿಂತಿದ್ದೀಯಲ್ಲೋ ಅಣ್ಣ. ಎಲ್ಲಿ, ಒಂದ್ಸಲ ಮಾಡಿ ತೋರ್ಸು ನೋಡೋಣ."

ಓರಿನ್ ಎದ್ದು ಅಡುಗೆಮನೆಯ ತನಕ ತೂರಾಡಿಕೊಂಡು ಹೋಗುತ್ತಿದ್ದ. ಲೈಲ್ ಮೇಜು ಕುಟ್ಟಿ ನಗುತ್ತಿದ್ದ. "ಛೇ, ನಾನು ಇಷ್ಟು ಕೆಟ್ಟದಾಗಿ ನಡೀತೀನಾ? ಬಾತುಕೋಳಿ ಥರ ಇದೆ. ಕೈ ಹಿಂಗೆ ಇಟ್ಕೊಳ್ಳೋ, ಹಿಂಗೆ. ಕಾಯಿಲೆ ಅಂದ್ರೆ ಅದಕ್ಕೂ ಒಂದು ಗತ್ತು ಇರತ್ತೆ." ಹೀಗೆ ತಮ್ಮನೇ ತಿದ್ದಿ ತಿದ್ದಿ ಅಣ್ಣನಿಗೆ ಆ ಪಾತ್ರವನ್ನು ಕಲಿಸಿದ್ದ.

ಗ್ರೇಡಿಗೆ ಎದೆಯ ಆಪರೇಷನ್ ಆದ ಮೇಲೆ ಅವನ ಅಳಿಯ ಕೋಲ್ಬಿ ಟಲ್ಸಾದಿಂದ ಬಂದು ಶಾಲೆಯನ್ನು ನೋಡಿಕೊಳ್ಳತೊಡಗಿದ. ಕೋಲ್ಬಿ ಕೆಟ್ಟವನಲ್ಲ. ಕಷ್ಟಪಟ್ಟು ದುಡಿಯುವವನು, ಮಾವನ ಮೇಲೆ ಪ್ರೀತಿ ಇದ್ದವನು. ಹಲಗೆಮನೆಗೆ ಕ್ಯಾಮೆರಾ ಹಾಕಿಸಿದ, ಇಂಟರ್ನೆಟ್ಟಿಗೆ ವಿಡಿಯೋ ಬಿಟ್ಟ, ಡಲ್ಲಾಸ್‌ನಿಂದ, ಡೆನ್ವರ್‌ನಿಂದ ಎಲ್ಲ ಜನ ಬರುವ ಹಾಗೆ ಮಾಡಿದ. ಅಷ್ಟು ದೂರ ಕಾರು ಓಡಿಸಿಕೊಂಡು ಬಂದವರು ಗೆಲ್ಲುವುದನ್ನು ಕಲಿಯಲು ಬರುತ್ತಾರೆ, ನೀನು ಕೊಲೆಗಾರ ಅಂತ ಹೇಳಿಸಿಕೊಳ್ಳಲು ಬರುವುದಿಲ್ಲ ಎನ್ನುವುದು ಅವನ ವಾದ. ಒಂದೊಂದಾಗಿ ಆ ಪಾತ್ರಗಳು ಹೋದವು. ಫೋನಿನವನು ಹೋದ, ಪಕ್ಕದಮನೆಯವನು ಹೋದ, ಕೊನೆಗೆ ಸಕ್ಕರೆ ಕಾಯಿಲೆಯವನೂ ಹೋದ. ಉಳಿದವನು ಹೆಲ್ಮೆಟ್ಟಿನ ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿಕೊಂಡ ಕಳ್ಳ ಒಬ್ಬನೇ. ಓರಿನ್ ಒಂದು ಸಲ ಗ್ರೇಡಿಯ ಹತ್ತಿರ ಕೇಳಿದ. ಅದನ್ನು ಮುಂದಿನ ಹಂತದವರಿಗೆ ಅಂತ ಎತ್ತಿಟ್ಟಿದ್ದೇವೆ ಅಂದ ಗ್ರೇಡಿ. ಮುಂದಿನ ಹಂತಕ್ಕೆ ಯಾರೂ ಬರಲಿಲ್ಲ. ಶಾಲೆ ತನ್ನದಲ್ಲ, ತಾನು ಹೇಳುವುದಕ್ಕೆ ಯಾರು ಅಂದುಕೊಂಡು ಓರಿನ್ ಸುಮ್ಮನಾದ.

ಆ ಚಳಿಗಾಲದ ಕೊನೆಯಲ್ಲಿ ವರ್ನಾ ಲಾಫ್ಟಿಸ್ ಎಂಬ ವಯಸ್ಸಾದ ಹೆಂಗಸು ಕಲಿಯಲು ಬಂದರು. ಬೇರೆ ಜಿಲ್ಲೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಅಡುಗೆ ಮಾಡಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ, ಅವರು ಚರ್ಚಿಗೆ ಹೋಗಿದ್ದಾಗ ಯಾರೋ ಮನೆಗೆ ನುಗ್ಗಿ ಎಲ್ಲ ಕಿತ್ತು ಹರವಿ ಹೋಗಿದ್ದರು. ಆ ಮನೆ ಮಾರಿ ಕಿಂಬ್ರೋಗೆ ಬರುವವರಿದ್ದರು. ಪಿಸ್ತೂಲು ಕೊಡಿಸಿದ್ದು, ಇಲ್ಲಿ ಸೇರಿಸಿದ್ದು ಎಲ್ಲ ಅಮರಿಲ್ಲೋದಲ್ಲಿದ್ದ ಮಗಳು. ಎಲ್ಲರೂ ಅವರನ್ನು ಮಿಸ್ ವರ್ನಾ ಎಂದೇ ಕರೆದರು. ಮೊದಲ ದಿನವೇ ಓಟ್ಸ್ ಬಿಸ್ಕತ್ತು ಮಾಡಿಕೊಂಡು ಬಂದು, ಯಾರಿಗೆ ಗುಂಡು ಹೊಡೆಯಬೇಕಾಗಿತ್ತೋ ಅವನಿಗೇ ಮೊದಲು ಕೊಟ್ಟರು.

ಕಾಗದದ ಗುರಿಗೆ ಅವರ ಕೈ ಚೆನ್ನಾಗಿಯೇ ನಿಂತಿತು. ಹಲಗೆಮನೆಯಲ್ಲಿ ಮಾತ್ರ ಆಗಲಿಲ್ಲ. ಓರಿನ್ ಎದುರಿಗೆ ಬಂದರೆ ಪಿಸ್ತೂಲು ತಗ್ಗಿಸಿಬಿಡುತ್ತಿದ್ದರು. ಮೇಲಿನಿಂದ ಕೋಲ್ಬಿ, ಅವನು ನಿಮ್ಮ ಅಡುಗೆಮನೆಯಲ್ಲಿದ್ದಾನೆ, ನಿಲ್ಲು ಅಂದರೂ ನಿಲ್ಲುತ್ತಿಲ್ಲ, ಏನು ಮಾಡುತ್ತೀರಿ ಎಂದು ಮತ್ತೆ ಮತ್ತೆ ಕೇಳುತ್ತಿದ್ದ. ಅವರಿಗೆ ಕಣ್ಣಲ್ಲಿ ನೀರು ಬಂತು. ಓರಿನ್‌ಗೆ ಪಾಪ ಅನ್ನಿಸಿತು. ತೀರ ಹತ್ತಿರ ಬಂದು, ಮೇಲಿದ್ದವನಿಗೆ ಕೇಳಿಸದ ಹಾಗೆ ಹೆಲ್ಮೆಟ್ಟಿನೊಳಗಿಂದ ಪಿಸುಗುಟ್ಟಿದ:

"ಹೊಡೀರಿ ಮಿಸ್ ವರ್ನಾ. ನನಗೇನೂ ಆಗಲ್ಲ."

ಅವರು ಹೊಡೆದರು. ಅಲ್ಲಿಂದ ಮುಂದೆ ತಡವರಿಸಲಿಲ್ಲ. ಕೊನೆಯ ವಾರದ ಹೊತ್ತಿಗೆ ಆ ತಂಡದಲ್ಲಿ ಅವರ ಹಾಗೆ ನಿಲ್ಲುವವರು, ಅವರಷ್ಟು ಬೇಗ ಹೊಡೆಯುವವರು ಯಾರೂ ಇರಲಿಲ್ಲ. ಹೊಡೆದ ಮೇಲೆ ಓಡಿಬಂದು ಗಾಯಕ್ಕೆ ಬಟ್ಟೆ ಒತ್ತಿ ಹಿಡಿಯುವುದನ್ನೂ ಕಲಿತರು. ಅದನ್ನೂ ಓರಿನ್‌ನ ಮೈಮೇಲೆಯೇ ಕಲಿತರು.

ಏಪ್ರಿಲ್‌ನಲ್ಲಿ ವರ್ನಾ ಗಿರಣಿ ಬೀದಿಯಲ್ಲಿ ಮನೆ ಕೊಂಡರು. ಮೇವಿನ ಗಿರಣಿಯವರು ಒಂದು ಕಾಲದಲ್ಲಿ ತಮ್ಮ ಆಳುಗಳಿಗೆ ಕಟ್ಟಿಸಿದ ಮನೆಗಳು ಅವು. ಎಲ್ಲಕ್ಕೂ ಒಂದೇ ನಕ್ಷೆ, ಒಂದೇ ಬಿಳಿ ಬಣ್ಣ, ಹಿಂದೆ ಒಂದೇ ಥರದ ಜಾಲರಿ ಬಾಗಿಲು. ಬಾಗಿಲು ತೆಗೆದರೆ ಅಡುಗೆಮನೆ, ಎಡಕ್ಕೆ ಫ್ರಿಜ್ಜು. ಎರಡು ಮನೆ ಆಚೆಗೆ ಲೈಲ್ ಇದ್ದ.

ಆ ತಿಂಗಳ ಕೊನೆಯಲ್ಲಿ ಒಂದು ದಿನ ಬೆಳಗಿನಿಂದಲೇ ದಕ್ಷಿಣದ ಗಾಳಿ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಉತ್ತ ಹೊಲಗಳ ಮಣ್ಣೆಲ್ಲ ಆಕಾಶಕ್ಕೆ ಏರಿ, ಬೀದಿಯ ಆಚೆ ಬದಿ ಕಾಣಿಸದಂತಾಯಿತು. ಕ್ವಾರಿಯಲ್ಲಿ ಪಾಠವಿರಲಿಲ್ಲ. ಓರಿನ್ ಮನೆಯಲ್ಲಿ ಕಿಟಕಿಯ ಸಂದಿಗಳಿಗೆ ಒದ್ದೆ ಬಟ್ಟೆ ತುರುಕುತ್ತಿದ್ದ. ಲೈಲ್ ಕೆಲಸ ಮಾಡುತ್ತಿದ್ದ, ಮಾರುವ ದನಗಳನ್ನು ಕೂಡಿ ಮೇಯಿಸುವ ಅಂಗಳದವರು ಆಳುಗಳನ್ನೆಲ್ಲ ಊಟಕ್ಕೆ ಮೊದಲೇ ಮನೆಗೆ ಕಳಿಸಿದರು. ಅವನು ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಂಡಿದ್ದ, ಏನೂ ತಿಂದಿರಲಿಲ್ಲ. ಧೂಳಿಗೆ ಮೂಗು ಬಾಯಿ ಮುಚ್ಚುವ ಹಾಗೆ ಬಟ್ಟೆ ಕಟ್ಟಿಕೊಂಡು ನಡೆದೇ ಹೊರಟ. ದಾರಿಯಲ್ಲಿ ಯಾವಾಗ ಅವನಿಗೆ ಕಣ್ಣು ಮಬ್ಬಾಯಿತೋ ಯಾರಿಗೂ ತಿಳಿಯದು. ತನ್ನ ಮನೆ ಅಂದುಕೊಂಡು ವರ್ನಾ ಅವರ ಹಿಂಬಾಗಿಲು ತೆಗೆದು ಒಳಗೆ ಹೋದ.

ವರ್ನಾ ಹಿಂಬಾಗಿಲಿಗೆ ಚಿಲಕ ಹಾಕಲು ಮರೆತು, ಹಿಂದಿನ ಕೋಣೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದರು. ಗಾಳಿಯ ಸದ್ದಿನಲ್ಲಿ ಬಾಗಿಲಿನದು ಕೇಳಿಸಲಿಲ್ಲ, ಫ್ರಿಜ್ಜಿನೊಳಗೆ ಬಾಟಲಿಗಳು ತಾಕಿದ್ದು ಕೇಳಿಸಿತು. ಪೆಟ್ಟಿಗೆಯ ಬೀಗ ತೆಗೆದು ಪಿಸ್ತೂಲು ಎತ್ತಿಕೊಂಡು, ಕಲಿಸಿದ ಹಾಗೆ ಗೋಡೆಗೆ ಒತ್ತಿಕೊಂಡು ಬಂದು ನಿಂತರು. ಮುಖಕ್ಕೆ ಬಟ್ಟೆ ಕಟ್ಟಿದ ಒಬ್ಬ ದೈತ್ಯ ಅಡುಗೆಮನೆಯಲ್ಲಿದ್ದ. ನಿಲ್ಲು, ಕೈ ತೋರಿಸು ಎಂದು ಮೂರು ಸಲ ಕೂಗಿದರು. ಅವನು ಏನೋ ಹಿಡಿದುಕೊಂಡು ತಿರುಗಿದ, ಅವರ ಕಡೆ ಒಂದು ಹೆಜ್ಜೆ ಇಟ್ಟ. ಅವರು ಎರಡು ಸಲ ಹೊಡೆದರು. ಅವನ ಕೈಯಲ್ಲಿದ್ದದ್ದು ಸೇಬಿನ ರಸದ ಬಾಟಲಿ.

ಪಕ್ಕದವರು ಬಂದಾಗ ವರ್ನಾ ನೆಲದಲ್ಲಿ ಕೂತು, ಟವೆಲನ್ನು ಲೈಲ್‌ನ ಎದೆಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರಂತೆ. ಆಂಬುಲೆನ್ಸಿನವರು ಬಂದು ಬಿಡಿಸುವ ತನಕ ಕೈ ತೆಗೆಯಲಿಲ್ಲವಂತೆ. ಲೈಲ್ ಅಷ್ಟರಲ್ಲೇ ಹೋಗಿಬಿಟ್ಟಿದ್ದ.

ಇದನ್ನೆಲ್ಲ ಓರಿನ್‌ಗೆ ಬಂದು ಹೇಳಿದವನು ಶೆರಿಫ್ ಕಚೇರಿಯ ಒಬ್ಬ ಡೆಪ್ಯುಟಿ. ಹ್ಯಾಟು ಕೈಯಲ್ಲಿ ಹಿಡಿದುಕೊಂಡು ನಿಂತು ಹೇಳಿದ. ಓರಿನ್ ಕೇಳಿದ್ದು ಒಂದೇ, ಅವನಿಗೆ ಸಕ್ಕರೆ ಇಳಿದಿತ್ತಾ ಅಂತ. ಆಸ್ಪತ್ರೆಯವರು ನೋಡಿ ಹೇಳಬೇಕು ಅಂದ ಡೆಪ್ಯುಟಿ. ಅವರು ಹೇಳುವ ಅಗತ್ಯ ಓರಿನ್‌ಗೆ ಇರಲಿಲ್ಲ. ಆ ಹೆಜ್ಜೆ ಹೇಗಿತ್ತು, ಕೈ ಎಲ್ಲಿತ್ತು, ತಿರುಗಿದ್ದು ಎಷ್ಟು ನಿಧಾನವಾಗಿ ಎಂದು ಅವನ ಮೈಗೇ ಗೊತ್ತಿತ್ತು. ಆ ರಾತ್ರಿಯಿಂದ ಅವನಿಗೆ ನಿದ್ದೆ ದೂರವಾಯಿತು. ಕಣ್ಣು ಮುಚ್ಚಿದರೆ ತಾನೇ ಪಿಸುಗುಟ್ಟಿದ ಆ ಎರಡು ಮಾತು ಕಿವಿಯಲ್ಲಿ.

ಹೂಳುವ ದಿನ ಊರಿಗೆ ಊರೇ ಬಂತು. ಡಾರ್ಲಾಳ ಅಡುಗೆಮನೆ ತುಂಬ ಬಂದವರು ತಂದ ಕೋಳಿ ಅನ್ನದ ಟ್ರೇಗಳು, ಹಸಿರು ಹುರುಳಿಕಾಯಿಯ ಟ್ರೇಗಳು ಸಾಲಾಗಿ ಕೂತವು. ಜನ ಓರಿನ್‌ನ ಹೆಗಲು ತಟ್ಟಿದರು. ಆ ಕೈಗಳಲ್ಲಿ ತನಗೆ ಬಣ್ಣದ ಗುಂಡು ಹೊಡೆಯದ ಕೈ ಒಂದೂ ಇಲ್ಲವೇನೋ ಎಂದು ಅವನಿಗೆ ಹೊಳೆಯಿತು. ಹೊಳೆದ ಮೇಲೆ ಅಲ್ಲಿ ನಿಲ್ಲಲಾಗದೆ ಹೊರಗೆ ಹೋಗಿ ತನ್ನ ಪಿಕಪ್ಪಿನಲ್ಲಿ ಕೂತ.

ಕೋಲ್ಬಿ ಅಲ್ಲಿಗೇ ಬಂದ. ಅವನ ಮುಖ ಬಿಳಿಚಿಕೊಂಡಿತ್ತು. ಪಿಕಪ್ಪಿನ ಬಾಗಿಲು ಹಿಡಿದು ನಿಂತು, ಸಮಾಧಾನ ಹೇಳುವ ಧ್ವನಿಯಲ್ಲಿ ಅಂದ:

"ಮಿಸ್ ವರ್ನಾ ಅವರದ್ದೇನೂ ತಪ್ಪಿಲ್ಲ ಓರಿನ್. ಕಲಿಸಿದ ಹಾಗೇ ಮಾಡಿದಾರೆ."

"ಗೊತ್ತಪ್ಪ," ಅಂದ ಓರಿನ್. "ಕಲಿಸಿದ್ದು ನಾನೇ ಅಲ್ವಾ."

ಮರುದಿನ ಜಾಕೀಟು, ಹೆಲ್ಮೆಟ್ಟು, ಕತ್ತಿನ ಪಟ್ಟಿ ಎಲ್ಲವನ್ನೂ ತೊಳೆದು ಒಣಗಿಸಿ ಕ್ವಾರಿಯ ಗೇಟಿನ ಹತ್ತಿರ ಇಟ್ಟು ಬಂದ. ಮತ್ತೆ ಅಲ್ಲಿಗೆ ಹೋಗಲಿಲ್ಲ.

ಜಿಲ್ಲೆಯ ಸರ್ಕಾರಿ ವಕೀಲರು ಕೆಲವು ವಾರ ಬಿಟ್ಟು, ವರ್ನಾ ಲಾಫ್ಟಿಸ್ ಮೇಲೆ ಮೊಕದ್ದಮೆ ಹೂಡುವುದಿಲ್ಲವೆಂದು ತಿಳಿಸಿದರು. ಅವರ ಮನೆ, ಮುಖ ಮುಚ್ಚಿದ ಅಪರಿಚಿತ, ಮೂರು ಸಲ ಎಚ್ಚರಿಕೆ. ಕಾನೂನಿನ ಪ್ರಕಾರ ಬೇರೆ ಏನೂ ಆಗುವಂತಿರಲಿಲ್ಲ, ಓರಿನ್ ಬೇರೆ ಏನನ್ನೂ ನಿರೀಕ್ಷಿಸಿಯೂ ಇರಲಿಲ್ಲ. ಆ ಹೆಂಗಸು ಜೈಲಿಗೆ ಹೋಗಲಿ ಎಂದು ಅವನಿಗೆ ಒಂದು ದಿನವೂ ಅನ್ನಿಸಲಿಲ್ಲ. ಹಾಗಂತ ಅವರ ಮುಖ ನೋಡುವುದೂ ಬೇಕಿರಲಿಲ್ಲ. ಗಿರಣಿ ಬೀದಿಯನ್ನು ಬಿಟ್ಟು ಸುತ್ತುಬಳಸಿ ಓಡಾಡಿದ. ಲೈಲ್‌ನ ಮನೆಯ ಸಾಮಾನು ಖಾಲಿ ಮಾಡಲು ಡಾರ್ಲಾ ಒಬ್ಬಳೇ ಹೋಗಿ ಬಂದಳು.

ಗ್ರೇಡಿ ಒಂದು ಸಂಜೆ ಮನೆಗೆ ಬಂದ. ಆಪರೇಷನ್ ಆದ ಮೇಲೆ ಇಳಿದುಹೋಗಿದ್ದ. ಡಾರ್ಲಾ ಕೊಟ್ಟ ಸಿಹಿ ಟೀಯನ್ನು ಮುಟ್ಟಲಿಲ್ಲ. ಹೊಡೆಯದೇ ಇರುವ ಆ ಪಾಠವನ್ನು ತಾನು ನಿಲ್ಲಿಸಬಾರದಿತ್ತು, ಅಳಿಯನ ಮಾತಿಗೆ ಹೂಂ ಅಂದದ್ದು ತಾನೇ ಅಂದ. ಅದನ್ನು ಮತ್ತೆ ಶುರು ಮಾಡುತ್ತೇನೆ, ನೀನು ಬಾ ಎಂದು ಗ್ರೇಡಿ ಕೇಳಿಕೊಂಡ. ಓರಿನ್ ಟೀ ಲೋಟವನ್ನು ಅವನ ಕಡೆಗೆ ಸರಿಸಿದ.

"ಅದನ್ನ ಮಾಡ್ಬೇಕು ಅಂದ್ರೆ ಅವನ ಥರ ನಡೀಬೇಕು ಗ್ರೇಡಿ. ಇನ್ನು ನನ್ನ ಕೈಲಾಗಲ್ಲ ಮಾರಾಯ."

ಗ್ರೇಡಿ ತನ್ನ ಮಾತಿನಂತೆ ಮತ್ತೆ ಶುರು ಮಾಡಿದ. ಇನ್ನೊಬ್ಬನನ್ನು ಹುಡುಕಿ ಹೇಳಿಕೊಟ್ಟ. ನೋಡಿದವರು ಹೇಳಿದ ಪ್ರಕಾರ ಅವನು ಕುಡುಕನ ಹಾಗೆ ಮಾಡುತ್ತಾನೆ, ರೋಗಿಯ ಹಾಗೆ ಅಲ್ಲ. ಬರುವ ಜನ ಕಡಿಮೆಯಾದರು. ಓರಿನ್ ಧಾನ್ಯದ ಲಾರಿಗಳನ್ನು ತೂಗುವ ಕಡೆ ಕೆಲಸಕ್ಕೆ ಸೇರಿದ. ದಿನವಿಡೀ ಗಾಜಿನ ಗೂಡಿನಲ್ಲಿ ಒಬ್ಬನೇ ಕೂರುವ ಕೆಲಸ. ಮೊದಲೇ ಮಾತು ಕಡಿಮೆ ಇದ್ದವನು ಈಗ ಪೂರ್ತಿ ಬಾಯಿ ಮುಚ್ಚಿಬಿಟ್ಟ. ಭಾನುವಾರ ಊಟಕ್ಕೆ ಡಾರ್ಲಾ ಮರೆತು ಮೂರು ತಟ್ಟೆ ಇಟ್ಟರೆ ಒಂದನ್ನು ಎತ್ತಿ ಒಳಗಿಡುತ್ತಿದ್ದ.

ವರ್ನಾ ಅವರ ಸುದ್ದಿಯನ್ನು ಡಾರ್ಲಾಳೇ ತರುತ್ತಿದ್ದಳು. ಅಂಗಡಿಯಲ್ಲಿ ಯಾರೋ ಒಬ್ಬ ಅವರ ಕೈ ಹಿಡಿದು ಕುಲುಕಿ, ಒಳ್ಳೇ ಕೆಲಸ ಮಾಡಿದಿರಿ ಅಮ್ಮ, ಎಲ್ಲ ಹೆಂಗಸರೂ ಹೀಗೇ ಇರಬೇಕು ಅಂದನಂತೆ. ಅವರು ಕೈಗಾಡಿಯನ್ನು ಅಲ್ಲೇ ಬಿಟ್ಟು ಹೊರಗೆ ಹೋದರಂತೆ. ಆಮೇಲೆ ಅಂಗಡಿಗೇ ಬರಲಿಲ್ಲ. ಹೊಗಳಲು ಹೋಗದವರು ಅವರನ್ನು ಮಾತಾಡಿಸಲೂ ಹೋಗಲಿಲ್ಲ. ಆಗಸ್ಟ್‌ನಲ್ಲಿ, ಈ ಶನಿವಾರ ಮಗಳು ಟ್ರಕ್ಕು ತರುತ್ತಾಳಂತೆ, ಊರು ಬಿಡುತ್ತಾರಂತೆ, ಸಾಮಾನು ಎತ್ತಿಕೊಡಲು ಬೀದಿಯಲ್ಲಿ ಒಬ್ಬರೂ ಒಪ್ಪಲಿಲ್ಲವಂತೆ ಎಂದಳು.

ಶನಿವಾರ ಬೆಳಗ್ಗೆ ಓರಿನ್ ಕೆಲಸದ ಕೈಗವಸು ತೆಗೆದುಕೊಂಡು ಹೊರಟ. ಯಾಕೆ ಹೋಗುತ್ತಿದ್ದೇನೆ ಎಂದು ಅವನಿಗೂ ಸರಿಯಾಗಿ ತಿಳಿದಿರಲಿಲ್ಲ. ಯಾರೂ ಒಪ್ಪಲಿಲ್ಲ ಎನ್ನುವ ಮಾತು ಮಾತ್ರ ಎರಡು ದಿನದಿಂದ ಎದೆಯಲ್ಲಿ ಕೊರೆಯುತ್ತಿತ್ತು.

ಮುಂಬಾಗಿಲು ತಟ್ಟಿದ. ಜಾಲರಿಯ ಆಚೆ ವರ್ನಾ ಬಂದರು, ಬಾಗಿಲು ತುಂಬ ನಿಂತ ಆಕಾರ ನೋಡಿದರು, ಗೋಡೆಗೆ ಕೈ ಕೊಟ್ಟು ಹಿಂದಕ್ಕೆ ಸರಿದರು. ಓರಿನ್‌ಗೆ ತಕ್ಷಣ ಅರ್ಥವಾಯಿತು. ಹ್ಯಾಟು ತೆಗೆದ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ಮೆಟ್ಟಿಲಿಳಿದ, ಎಷ್ಟು ಚಿಕ್ಕದಾಗಲು ಸಾಧ್ಯವೋ ಅಷ್ಟು ಚಿಕ್ಕದಾಗಿ ಕೊನೆಯ ಮೆಟ್ಟಿಲ ಮೇಲೆ ಬೀದಿಗೆ ಮುಖ ಮಾಡಿ ಕೂತ.

"ಓರಿನ್ ಟ್ಯಾಕೆಟ್ ನಾನು, ಮಿಸ್ ವರ್ನಾ. ಸಾಮಾನು ಎತ್ತೋಕೆ ಯಾರೂ ಇಲ್ಲ ಅಂದ್ರು. ಬೇಡ ಅಂದ್ರೆ ಹೋಗ್ತೀನಿ."

ಒಳಗೆ ಒಂದು ಕುರ್ಚಿ ಎಳೆದುಕೊಂಡು ಬಾಗಿಲ ಹತ್ತಿರ ಕೂತ ಸದ್ದು.

"ನಿಂಗೆ ಒಂದು ಮಾತು ಹೇಳ್ಬೇಕು ಕಣಪ್ಪ," ಅಂದರು ಅವರು. "ಪೊಲೀಸ್ನೋರಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ಕೇಳಿದ್ಮೇಲೆ ನೀನು ಎದ್ದು ಹೋದ್ರೂ ನಂಗೆ ಬೇಜಾರಿಲ್ಲ."

"ಹೇಳಿ."

"ಅವನು ತಿರುಗಿದ್ನಲ್ಲ. ಆ ಗಳಿಗೇಲಿ ನಂಗೆ ಹೆದರಿಕೆ ಆಗ್ಲಿಲ್ಲ. ಅಯ್ಯೋ, ಓರಿನ್ ಬಂದಿದಾನೆ ಅನ್ನಿಸ್ತು. ನೀನೇ ಅನ್ಕೊಂಡೆ. ಅದೇ ಮೈ, ಮುಖಕ್ಕೆ ಅದೇ ಬಟ್ಟೆ. ನೀನು ಬಂದ್ರೆ ಹೊಡೀಬೇಕು ಅಂತ ಕೈಗೆ ಗೊತ್ತಿತ್ತು. ನಾನು ಯೋಚನೆ ಮಾಡೋಕೆ ಮುಂಚೆ ಕೈ ಹೊಡೆದುಬಿಡ್ತು. ಕೆಳಗೆ ಬಿದ್ದ. ಏಳ್ತಾನೆ ಅಂತ ಕಾದೆ. ನೀನು ಯಾವಾಗ್ಲೂ ಏಳ್ತಿದ್ದೆ."

ಓರಿನ್ ತಲೆ ಎತ್ತಲಿಲ್ಲ. ಬೀದಿಯಲ್ಲಿ ಯಾರದೋ ನಾಯಿ ನೆರಳು ಹುಡುಕಿಕೊಂಡು ಹೋಯಿತು. ತಮ್ಮ ಸತ್ತ ದಿನದಿಂದ ಬಾರದ ಅಳು ಆಗ ಬಂತು, ಸದ್ದಿಲ್ಲದೆ, ಹೆಗಲೆರಡೂ ಅಲ್ಲಾಡುವ ಹಾಗೆ ಬಂತು.

ಅಳು ನಿಂತ ಮೇಲೆ ಅವನು ಮುಖ ಒರೆಸಿಕೊಂಡು ಹೇಳಿದ: "ಹೊಡೀರಿ ಅಂದಿದ್ದು ನಾನು. ನಿಮಗೆ ಬೇಕಾಗಿರಲಿಲ್ಲ."

"ನೀನು ಒಳ್ಳೇದಕ್ಕೆ ಅಂದೆ."

"ಒಳ್ಳೇದಕ್ಕೇ ಅಂದೆ," ಅಂದ ಅವನು. ಇಬ್ಬರಿಗೂ ಅದರಿಂದ ಏನೂ ಹಗುರವಾಗಲಿಲ್ಲ.

ಮಗಳ ಟ್ರಕ್ಕು ಬರಲು ಇನ್ನೂ ಹೊತ್ತಿತ್ತು. ಭಾರದ್ದನ್ನೆಲ್ಲ ಮೊದಲು ಜಗಲಿಗೆ ತಂದಿಡುತ್ತೇನೆ ಅಂದ ಓರಿನ್. ವರ್ನಾ ಎದ್ದು ಜಾಲರಿ ಬಾಗಿಲಿನ ಚಿಲಕ ತೆಗೆದರು.

"ಒಂದು ಉಪಕಾರ ಮಾಡಪ್ಪ. ಒಳಗೆ ಓಡಾಡುವಾಗ ಮಾತಾಡ್ತಾ ಓಡಾಡು. ಏನಾದ್ರೂ ಆಗ್ಲಿ, ಮಾತಾಡ್ತಾ ಇರು. ಸದ್ದಿಲ್ದೆ ಬಾಗಿಲಲ್ಲಿ ನಿಂತುಬಿಟ್ರೆ ನನ್ನಿಂದ ಆಗಲ್ಲ."

ಹೀಗೆ ಓರಿನ್ ಟ್ಯಾಕೆಟ್ ಆ ಮನೆಯೊಳಗೆ ಮಾತಾಡುತ್ತ ಹೋದ. ಮೊದಲು ಅವನಿಗೆ ಸಿಕ್ಕಿದ್ದು ಮಾಡುವ ಕೆಲಸದ ಮಾತೇ. ಮಿಸ್ ವರ್ನಾ, ಹಿಂದಿನ ಕೋಣೆಗೆ ಬರ್ತಿದೀನಿ. ಮಂಚ ಎತ್ತುತ್ತಿದೀನಿ. ಈಗ ಬಾಗಿಲು ದಾಟ್ತಿದೀನಿ, ಎಡಗಡೆ ಇದೀನಿ. ಅಡುಗೆಮನೆಯ ಹೊಸಿಲಲ್ಲಿ ಮಾತ್ರ ಅವನ ಮಾತು ನಿಂತಿತು. ನೆಲಕ್ಕೆ ಹಾಸಿದ ಲಿನೋಲಿಯಮ್ಮಿನ ಒಂದು ಭಾಗ ಹೊಸದಾಗಿತ್ತು. ಫ್ರಿಜ್ಜು ಲೈಲ್‌ನ ಮನೆಯಲ್ಲಿದ್ದ ಜಾಗದಲ್ಲೇ ಇತ್ತು. ಅವನು ನಿಂತುಬಿಟ್ಟ. ಒಳಕೋಣೆಯಲ್ಲಿ ವರ್ನಾ ಪಾತ್ರೆಗೆ ಕಾಗದ ಸುತ್ತುತ್ತಿದ್ದ ಸದ್ದು ನಿಂತಿತು. ಅವರು ಕಾಯುತ್ತಿದ್ದಾರೆ, ತಾನು ಸುಮ್ಮನಿದ್ದಷ್ಟು ಹೊತ್ತೂ ಅವರ ಎದೆ ಹೊಡೆದುಕೊಳ್ಳುತ್ತಿರುತ್ತದೆ ಎಂದು ಅವನಿಗೆ ತಿಳಿಯಿತು. ಹೇಳಲು ಬೇರೇನೂ ತೋಚದೆ ಬಾಯಿಗೆ ಬಂದದ್ದನ್ನು ಹೇಳಿದ.

"ಅಡುಗೆಮನೇಲಿ ಇದೀನಿ, ಮಿಸ್ ವರ್ನಾ. ನನ್ನ ತಮ್ಮ ಲೈಲ್ ಅಂತ. ಚಿಕ್ಕೋನಿದ್ದಾಗ ಒಂದ್ಸಲ ನಮ್ಮಮ್ಮ ಈಸ್ಟರ್‌ಗೆ ಅಂತ ಮಾಡಿಟ್ಟಿದ್ದ ಪೀಚ್ ಪೈ ಪೂರ್ತಿ ತಿಂದುಬಿಟ್ಟಿದ್ದ. ಬೈಯೋಕೆ ಹೋದ್ರೆ, ಅಮ್ಮ ಶುಗರ್ ಇಳಿದಿತ್ತು, ನಾನಲ್ಲ ತಿಂದಿದ್ದು ಕಾಯಿಲೆ ಅಂದ."

ಒಳಗೆ ಕಾಗದದ ಸದ್ದು ಮತ್ತೆ ಶುರುವಾಗಲಿಲ್ಲ. ಅವರ ಧ್ವನಿ ಬಂತು.

"ಆಮೇಲೆ?"

ಅವನು ಹೇಳಿದ. ಮೇಜು ಹೊರಗೆ ಸಾಗಿಸುತ್ತ ಹೇಳಿದ, ಫ್ರಿಜ್ಜನ್ನು ಹಗ್ಗ ಕಟ್ಟಿ ಬೆನ್ನಿಗೆ ತಗಲಿಸಿಕೊಂಡು ಏದುಸಿರು ಬಿಡುತ್ತ ಹೇಳಿದ. ಲೈಲ್ ಮೀನು ಹಿಡಿಯಲು ಹೋಗಿ ಕೆರೆಗೆ ಬಿದ್ದದ್ದು, ಒಬ್ಬ ಹುಡುಗಿಯನ್ನು ಮದುವೆಯಾಗಬೇಕೆಂದಿದ್ದು, ಅವಳು ಬೇಡವೆಂದದ್ದು, ಆಮೇಲೂ ಅವಳ ಅಪ್ಪನ ಟ್ರ್ಯಾಕ್ಟರನ್ನು ಪ್ರತಿವರ್ಷ ರಿಪೇರಿ ಮಾಡಿಕೊಟ್ಟದ್ದು. ಮಗಳು ಬಂದು ಟ್ರಕ್ಕಿನಿಂದ ಇಳಿದು, ಯಾರೋ ದೊಡ್ಡ ಮನುಷ್ಯ ತನ್ನ ತಾಯಿಯ ಮನೆಯಲ್ಲಿ ಒಬ್ಬನೇ ಮಾತಾಡುತ್ತ ಓಡಾಡುವುದನ್ನು ನೋಡಿ ಗಾಬರಿಯಾದಳು. ವರ್ನಾ ಕೈಸನ್ನೆಯಲ್ಲೇ ಅವಳನ್ನು ಸುಮ್ಮನಿರಿಸಿ, ಕಾಗದ ಸುತ್ತದೆ ಉಳಿದ ತಟ್ಟೆಯನ್ನು ಮಡಿಲಲ್ಲಿ ಹಾಗೇ ಇಟ್ಟುಕೊಂಡು ಕೇಳುತ್ತ ಕೂತಿದ್ದರು.

ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಹೊರಡುವಾಗ ಅವರು ಅವನ ಕೈ ಮುಟ್ಟಲು ಬಂದು, ಅರ್ಧಕ್ಕೆ ನಿಲ್ಲಿಸಿ, ತಮ್ಮ ಕೈಯನ್ನೇ ಒಂದು ಸಲ ನೋಡಿಕೊಂಡು ಹಿಂದಕ್ಕೆ ತೆಗೆದುಕೊಂಡರು. ಓರಿನ್ ತಲೆಯಾಡಿಸಿ ಟ್ರಕ್ಕಿನ ಬಾಗಿಲು ಹಾಕಿದ.

ಮನೆಗೆ ಬಂದಾಗ ಅವನ ಧ್ವನಿ ಕಟ್ಟಿಹೋಗಿತ್ತು. ಧೂಳು ಕುಡಿದೆಯಾ ಎಂದು ಕೇಳಿದಳು ಡಾರ್ಲಾ. ಇಲ್ಲ, ಬೆಳಗಿನಿಂದ ಲೈಲ್ ವಿಷಯ ಮಾತಾಡಿದೆ ಅಂದ. ಅವಳು ನೀರು ತಂದುಕೊಟ್ಟು ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಅವನು ನೀರು ಕುಡಿದು, ಹೇಳುವುದು ಇನ್ನೂ ಇದೆ ಎನ್ನುವವನ ಹಾಗೆ ಅವಳನ್ನು ನೋಡಿದ.